ಡ್ರಮ್ಸ್: ಅಪ್ಪ

ಪಂಕ್ ರಾಕ್‌ನ ಅಬ್ಬರದ ಸಂಗೀತವೆಂದರೆ ಪ್ರಾಣ ಬಿಡುವ ನಂದೀಶ ಹೊಸ ಗಾಯಕಿಯೊಬ್ಬಳ ಆಲ್ಬಮ್ಮನ್ನು ಒಂದೇ ತಿಂಗಳಲ್ಲಿ ನೂರು ಸಲವಾದರೂ ಕೇಳಿದ್ದ. ಅದರಲ್ಲೂ ಐದನೇ ಹಾಡು ಅವನಿಗೆ ಹುಚ್ಚು ಹಿಡಿಸಿತ್ತು. ಆಲ್ಬಮ್ಮಿನ ಹೊದಿಕೆಯ ಹಿಂಬದಿಯಲ್ಲಿ ಆ ಹಾಡಿನ ಕೆಳಗೆ ‘ಡ್ರಮ್ಸ್: ಅಪ್ಪ’ ಎಂದಷ್ಟೇ ಅಚ್ಚಾಗಿತ್ತು. ಅಂಥ ಅಪ್ಪನ ಕಾಲಿಗೆ ಬೀಳಬೇಕೆಂದು ಮನೆ ಹುಡುಕಿಕೊಂಡು ಬಂದೇಬಿಟ್ಟ.

ಬನಿಯನ್ ತೊಟ್ಟ ಹಿರಿಯರೊಬ್ಬರು ಬಾಗಿಲು ತೆರೆದರು.

“ಮಗಳು ಇಲ್ಲಿಲ್ಲಪ್ಪ. ಮನೆ ಬಿಟ್ಟು ಎರಡು ವರ್ಷ ಆಯ್ತು.”

“ನಾನು ಬಂದಿದ್ದು ನಿಮ್ಮನ್ನ ನೋಡೋಕೆ ಸಾರ್! ಎಂಥಾ ಕೈ ಸಾರ್ ನಿಮ್ದು! ಮೊದ್ಲು ಮೆತ್ತಗೆ ಎರಡು ಏಟು. ಆಮೇಲೆ ನಿಮ್ಮ ಮಗಳು ದನಿ ಏರಿಸಿದಷ್ಟೂ ನೀವು ಜೋರು. ತಾಳ ತಪ್ಪುತ್ತೆ, ತಪ್ಪಿದ್ರೂ ಮೈ ಜುಂ ಅನ್ನುತ್ತೆ. ಕೊನೆಗೆ ಲಟಕ್ಕಂತ ಒಂದು ಸದ್ದು, ಅವ್ರ ಹಾಡು ಅಲ್ಲಿಗೇ ನಿಂತುಹೋಗುತ್ತೆ. ಯಾರ ಐಡಿಯಾ ಸಾರ್ ಅದು?”

“ನಾನದನ್ನ ಕೇಳೇ ಇಲ್ಲ.”

ನಂದೀಶ ನಗುತ್ತಾ ಮೊಬೈಲಿನಲ್ಲಿ ಹಾಡು ಹಾಕಿದ. ನಾಲ್ಕನೇ ಏಟಿಗೆ ಹಿರಿಯರ ಮುಖ ಬಿಳಿಚಿಕೊಂಡಿತು.

“ನಿಲ್ಸಪ್ಪ.”

“ನಮ್ಮಪ್ಪ ಗಿಟಾರ್ ಮುಟ್ಟೋಕೂ ಬಿಡಲಿಲ್ಲ ಸಾರ್. ನೀವು ಮಗಳ ಜೊತೆ ಕೂತು ಬಾರಿಸಿದೀರ. ಆ ಡ್ರಮ್ ಒಂದ್ಸಲ ಮುಟ್ಲಾ?”

ಅವರು ನಡುಮನೆ ದಾಟಿ, ಒಳಕೋಣೆಯ ಮುಂದೆ ನಿಂತರು. ಬಾಗಿಲಿನ ಹಲಗೆ ಸೀಳಿಹೋಗಿತ್ತು. ಒಳಗಿನ ಚಿಲಕ ಕಿತ್ತುಬಂದು ಒಂದೇ ಮೊಳೆಯಲ್ಲಿ ನೇತಾಡುತ್ತಿತ್ತು.

“ಇದೇ,” ಎಂದರು. “ಅವಳು ಒಳಗೆ ಚಿಲಕ ಹಾಕ್ಕೊಂಡು ಹಾಡಿ ರೆಕಾರ್ಡ್ ಮಾಡ್ಕೊಳ್ತಿದ್ಲು. ನಾನು ಹೊರಗಿದ್ದೆ.”