ಗೋದಾಮಿನ ಕೀಲಿಗೊಂಚಲು

"ನಮ್ಮ ಗೋದಾಮಿನ ಅಕ್ಕನೊಬ್ಬರನ್ನ ಬಿಟ್ಟು ಯಾರನ್ನ ಬೇಕಾದ್ರೂ ಕೇಳಮ್ಮ, ಕೊಡ್ತೀನಿ," ಎಂದು ಕಾರ್ಖಾನೆಯ ಮ್ಯಾನೇಜರು ತಂಡದ ಪಟ್ಟಿಯನ್ನು ಹಿಂದಕ್ಕೆ ತಳ್ಳಿದರು. "ಅವರಿಲ್ದೆ ಇಲ್ಲಿ ಒಂದು ದಿನ ನಡೆಯಲ್ಲ."

ಎದುರಿಗೆ ಕೂತಿದ್ದವಳು ಹೊಸ ಯೋಜನೆಯ ಮುಖ್ಯಸ್ಥೆ. ಖರೀದಿಯಿಂದ ರವಾನೆಯವರೆಗೆ ಇಡೀ ಕಾರ್ಖಾನೆಯನ್ನು ಒಂದೇ ಸಾಫ್ಟ್‌ವೇರಿಗೆ ತರುವ ಹೊಣೆ ಅವಳದು. ಹೋದ ಸಲ ಕೆಲಸವಿಲ್ಲದೆ ಕೂತವರನ್ನೆಲ್ಲ ಗುಡ್ಡೆಹಾಕಿ ತಂಡ ಕಟ್ಟಿದ್ದಕ್ಕೇ ಸಾಫ್ಟ್‌ವೇರು ಮೂರು ವಾರದಲ್ಲಿ ಮೂಲೆ ಸೇರಿತ್ತು. "ಅದಕ್ಕೇ ಸರ್, ನನಗೆ ಅವರೇ ಬೇಕು," ಎಂದು ಪಟ್ಟಿಯನ್ನು ಮತ್ತೆ ಮುಂದಕ್ಕೆ ಸರಿಸಿದಳು.

ಮುಖ್ಯಸ್ಥೆ ಹೇಳಿಕಳಿಸಿದ್ದರಿಂದ ಬಂದು ಬಾಗಿಲಲ್ಲಿ ನಿಂತಿದ್ದ ಅಕ್ಕ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಇಪ್ಪತ್ತಾರು ವರ್ಷ ಯಾರ ಕೈಗೂ ಕೊಡದಿದ್ದ ಕೀಲಿಗೊಂಚಲನ್ನು ಸೊಂಟದಿಂದ ಬಿಚ್ಚಿ, ಮ್ಯಾನೇಜರ ಅಂಗೈಯಲ್ಲಿಟ್ಟರು.

"ಮೂರನೇ ಬೀಗ ಸ್ವಲ್ಪ ಎತ್ತಿ ತಿರುಗಿಸ್ಬೇಕು ಸರ್. ಇಲ್ಲಾಂದ್ರೆ ಯಾರು ಬಂದ್ರೂ ಜಗ್ಗಲ್ಲ."

"ಇಷ್ಟು ವರ್ಷ ಇದನ್ನ ಹೇಳ್ಲೇ ಇಲ್ವಲ್ಲ ನೀವು!"

"ನೀವು ಯಾವತ್ತು ಕೇಳಿದ್ರಿ?"

ಮುಖ್ಯಸ್ಥೆಗೆ ನಗು ತಡೆಯಲಾಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದಳು. ಅಕ್ಕ ಕುರ್ಚಿ ಎಳೆದುಕೊಂಡು ಅವಳ ಪಕ್ಕಕ್ಕೇ ಕೂತರು.

"ಬರ್ಕೋ ಮಗಳೇ. ಇಂಥವು ಇನ್ನೂ ನಾನೂರಿವೆ."