ಕಿಟ್ಟು ಫೈಲಿನ ಷರಾ

“ಮೇಡಂ, ಈ ‘ಬ್ಲೀಕ್’ ಅಂದ್ರೆ ಏನು?”

ಅಪರ್ಣ ಕೀಬೋರ್ಡಿನಿಂದ ಕೈ ತೆಗೆದಳು. ಮೇಜಿನ ಆಚೆ ಕೂತಿದ್ದ ಕಿಟ್ಟು ತನ್ನದೇ ಫೈಲನ್ನು ತಲೆಕೆಳಗಾಗಿ ಓದುತ್ತಿದ್ದ. ಗುಬ್ಬಿಯವನು, ಮದುವೆ ಮನೆಗಳಲ್ಲಿ ಅಡುಗೆ ಮಾಡುವವನು, ವಯಸ್ಸು ಮೂವತ್ತೇಳು. ತುಮಕೂರಿನ ಈ ವಧೂವರ ಕೇಂದ್ರದಲ್ಲಿ ಹೆಸರು ಬರೆಸಿ ಮೂರು ವರ್ಷವಾಗಿತ್ತು. ಇವತ್ತು ನವೀಕರಣಕ್ಕೆ ಬಂದಿದ್ದ. ಯಜಮಾನರಾದ ಲಕ್ಷ್ಮೀನರಸಿಂಹಯ್ಯನವರು ಕಾಫಿಗೆಂದು ಕೆಳಗಿಳಿದಿದ್ದರು.

ಆ ಪದವನ್ನು ಬರೆದವಳು ಅಪರ್ಣಳೇ. “ಅಡುಗೆಯವರಿಗೆ ಯಾರಮ್ಮಾ ಹೆಣ್ಣು ಕೊಡ್ತಾರೆ? ಷರಾ ಮಾತ್ರ ಇಂಗ್ಲಿಷ್‌ನಲ್ಲಿ ಇರಲಿ, ಪಾಪ, ಓದಿದರೆ ಬೇಜಾರು ಮಾಡ್ಕೋತಾನೆ” ಎಂದಿದ್ದರು ಯಜಮಾನರು. ಎಂ.ಎ. ಇಂಗ್ಲಿಷ್ ಓದಿದ್ದ ಅಪರ್ಣ ಇದ್ದಬದ್ದ ಪದಗಳಲ್ಲಿ ಚೊಕ್ಕವಾದದ್ದನ್ನು ಆರಿಸಿದ್ದಳು. ಆಯ್ಕೆಯ ಬಗ್ಗೆ ಅಂದು ಹೆಮ್ಮೆಯೂ ಪಟ್ಟಿದ್ದಳು. ಈಗ ಏನಾದರೊಂದು ಸುಳ್ಳು ಹೇಳಬಹುದಿತ್ತು. ಆದರೆ ಪಾಠ ಕೇಳುವವನ ಹಾಗೆ ಮುಖ ಮುಂದೆ ಮಾಡಿ ಕೂತಿದ್ದವನಿಗೆ ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

“ಗಿಡ ಮರ ಏನೂ ಇಲ್ಲದೆ ಬರೀ ಗಾಳಿ ಹೊಡೆಯೋ ಬಯಲಿಗೆ ಹಾಗೆ ಹೇಳ್ತಾರೆ. ಮುಂದೆ ಒಳ್ಳೇದಾಗೋ ಲಕ್ಷಣ ಕಾಣದೇ ಇದ್ರೂ ಅದೇ ಪದ.”

“ಯಾರು ಬರೆದಿದ್ದು?”

“ನಾನೇ.”

ಕಿಟ್ಟು ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಮೇಜು ಅದುರುವ ಹಾಗೆ ನಕ್ಕುಬಿಟ್ಟ. “ನಿಜ ಹೇಳಿದ್ರಲ್ಲ ಮೇಡಂ, ಅಷ್ಟು ಸಾಕು. ಆದ್ರೆ ಇದಕ್ಕಿಂತ ಸ್ವಲ್ಪ ಮೆತ್ತಗಿರೋ ಪದ ಇಲ್ವಾ? ಸಾರಿಗೆ ಖಾರ ಜಾಸ್ತಿಯಾದ್ರೆ ನಾವು ಒಂಚೂರು ಬೆಲ್ಲ ಹಾಕ್ತೀವಿ.”

“ಗ್ಲೂಮಿ?”

“ಅಳುಮುಂಜಿ ಥರ ಕೇಳುತ್ತೆ.”

“ಡಿಮ್?”

“ನಮ್ಮ ಬೀದೀಲಿ ಲೈಟು ದಿನಾ ಡಿಮ್ಮೇ. ಹಾಗಂತ ಯಾರ ಮದುವೆ ನಿಂತಿದೆ? ಬೇರೆ ಹೇಳಿ.”

“ಸ್ಲಿಮ್ ಅಂತಾನೂ ಹೇಳಬಹುದು. ಸ್ಲಿಮ್ ಚಾನ್ಸ್.”

ಕಿಟ್ಟು ತಲೆ ಬಗ್ಗಿಸಿ ತನ್ನ ಹೊಟ್ಟೆಯನ್ನೊಮ್ಮೆ ನೋಡಿಕೊಂಡ. “ಅದೇ ಇರಲಿ ಮೇಡಂ. ಇಲ್ಲೀವರೆಗೂ ನನ್ನ ವಿಷಯದಲ್ಲಿ ಆ ಮಾತು ಯಾರೂ ಆಡಿಲ್ಲ.”

ಅಪರ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳ ಮದುವೆ ಮುರಿದು ಏಳು ವರ್ಷವಾಗಿತ್ತು. “ಅಲ್ಲೇ ಕೆಲಸ ಮಾಡ್ತೀಯ, ನಿನ್ನದೂ ಒಂದು ಹೆಸರು ಸೇರಿಸಬಾರದೇನೇ?” ಎಂದು ತಾಯಿ ಸುಂದರಮ್ಮ ವಾರಕ್ಕೊಮ್ಮೆ ಕೇಳುತ್ತಿದ್ದರು. ತನ್ನ ಷರಾವನ್ನು ತಾನೇ ಬರೆದುಕೊಳ್ಳಬೇಕಲ್ಲ ಎಂದು ಅವಳು ಮಾತು ತಪ್ಪಿಸುತ್ತಿದ್ದಳು.

“ಭಾನುವಾರ ಕುಣಿಗಲ್‌ನಲ್ಲಿ ಮದುವೆ. ನಿಮ್ಮ ಕೇಂದ್ರದಿಂದಲೇ ಕುದುರಿದ್ದು, ಅಡುಗೆ ನಂದು,” ಎಂದ ಕಿಟ್ಟು ಏಳುತ್ತಾ. “ನಿಮಗೂ ಕರೆಯೋಲೆ ಬಂದಿರುತ್ತೆ. ಬನ್ನಿ.”

ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದ ಅಪರ್ಣ ಆ ಭಾನುವಾರ ತಾಯಿಯೊಂದಿಗೆ ಕುಣಿಗಲ್ ಬಸ್ಸು ಹತ್ತಿದಳು. ಎರಡನೇ ಪಂಕ್ತಿಯಲ್ಲಿ ಕೂತಾಗ ಕಿಟ್ಟು ಹೋಳಿಗೆಯ ತಟ್ಟೆ ಹಿಡಿದು ತಾನೇ ಅಡುಗೆಮನೆಯಿಂದ ಹೊರಗೆ ಬಂದ. ಸಾಲಿನ ಕೊನೆಯಲ್ಲಿ ಹಲ್ಲಿಲ್ಲದ ಅಜ್ಜಿಯೊಬ್ಬರು ಹೋಳಿಗೆಯನ್ನು ಸುಮ್ಮನೆ ನೋಡುತ್ತಾ ಕೂತಿದ್ದರು. ಅವನು ಕುಕ್ಕರುಗಾಲಲ್ಲಿ ಕೂತು, ಬಿಸಿಹಾಲು ತರಿಸಿ, ಹೋಳಿಗೆ ನೆನೆಸಿಕೊಟ್ಟ. ಅಜ್ಜಿ ಮೊದಲ ತುತ್ತು ನುಂಗಿ ತಲೆದೂಗುವ ತನಕ ಅಲ್ಲಿಂದ ಏಳಲಿಲ್ಲ. ಅಪರ್ಣ ಊಟ ಮರೆತು ಅದನ್ನೇ ನೋಡುತ್ತಿದ್ದಳು.

“ಹೇಗಿದೆ ಮೇಡಂ ಊಟ? ನಿಜ ಹೇಳಬೇಕು,” ಎಂದ ಕಿಟ್ಟು ಅವಳ ಎಲೆಯ ಮುಂದೆ ಬಂದು.

“ಹುಳಿಗೆ ಉಪ್ಪು ಒಂಚೂರು ಮುಂದಿದೆ.”

“ಅಬ್ಬಾ!” ಕಿಟ್ಟುವಿನ ಮುಖ ಅರಳಿತು. “ಮೊದಲನೇ ಪಂಕ್ತೀಲಿ ಇನ್ನೂರು ಜನ ಉಂಡೆದ್ರು, ಒಬ್ಬರಾದರೂ ಹೇಳಬೇಡವಾ? ನನಗೆ ಆಗಲೇ ಅನುಮಾನ ಇತ್ತು. ಮೇಡಂ, ನಿಮ್ಮ ಫೈಲು ಆ ಆಫೀಸಲ್ಲಿ ಯಾವ ಡ್ರಾಯರಿನಲ್ಲಿದೆ?”

“ನನ್ನದು ಇಲ್ಲ.”

“ಇರಬೇಕಿತ್ತು,” ಎಂದವನು ಕಿವಿ ಕೆಂಪಗೆ ಮಾಡಿಕೊಂಡು, ಸುಂದರಮ್ಮನವರು ಬೇಡವೆನ್ನುವಷ್ಟರಲ್ಲಿ ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ಮುಂದೆ ಹೋದ.

“ಯಾರೇ ಅದು?” ಎಂದರು ಸುಂದರಮ್ಮ. ಅಪರ್ಣ ಹುಳಿಯನ್ನ ಕಲಸುತ್ತಲೇ ಇದ್ದಳು.

ಸೋಮವಾರ ಲಕ್ಷ್ಮೀನರಸಿಂಹಯ್ಯನವರು ಉತ್ಸಾಹದಿಂದ ಒಳಗೆ ಬಂದರು. “ಅಪರ್ಣ, ಆಶ್ಚರ್ಯ ಕಣಮ್ಮ! ಹಾಸನದವರೊಬ್ಬರು ಫೋನ್ ಮಾಡಿದ್ರು. ಅಡುಗೆಯವನಾದರೂ ಆದೀತು, ಹುಡುಗ ಒಳ್ಳೆಯವನಾಗಿದ್ದರೆ ಸಾಕಂತೆ. ಆ ಗುಬ್ಬಿ ಕಿಟ್ಟು ಫೈಲು ಕೊಡು, ಕಳಿಸೋಣ.”

ಅಪರ್ಣ ಫೈಲಿನ ಅಂಚು ಇಣುಕುತ್ತಿದ್ದ ತನ್ನ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು.

“ಅದನ್ನ ಯಾರಿಗೂ ಕಳಿಸಬೇಡಿ ಸಾರ್.”

“ಯಾಕಮ್ಮಾ, ಏನಾದರೂ ದೋಷ ಇದೆಯಾ?”

“ಇಲ್ಲ ಸಾರ್,” ಎಂದಳು ಅಪರ್ಣ. “ಮೊದಲು ನಮ್ಮಮ್ಮ ನೋಡಬೇಕಂತೆ.”