ಬೀದಿಬಾಗಿಲ ಚಿಲಕ

ಬೀದಿಬಾಗಿಲಿಗೆ ಇದ್ದದ್ದು ಕೆಳಗಡೆಯ ಚಿಲಕ ಒಂದೇ. ಅದನ್ನು ತೆಗೆಯಲು ಬಗ್ಗಿ ಬಗ್ಗಿ ದೇವೀರಮ್ಮನ ಸೊಂಟ ಬಿದ್ದುಹೋಗಿತ್ತು. ಬದಲಾಯಿಸು ಎಂದು ಮಗನಿಗೆ ಹೇಳಿ ಹೇಳಿ ಸಾಕಾಗಿತ್ತು. ಹೋದ ವಾರ ಎರಡು ಸಲ ಬೀದಿಗೆ ಹೋದವಳಿಗೆ ಮನೆಯ ದಾರಿ ಮರೆತು, ಯಾರೋ ಕೈಹಿಡಿದು ಕರೆತಂದ ಮೇಲಂತೂ ಅವನು ಮುಖ ಗಂಟಿಕ್ಕಿಕೊಂಡೇ ಇದ್ದ. ಹಾಗಿದ್ದೂ ಇವತ್ತು ಬಡಗಿಯನ್ನು ಕಳಿಸಿದ್ದ. ಎಷ್ಟಾದರೂ ಹೊಟ್ಟೆಯಲ್ಲಿ ಹುಟ್ಟಿದವನು.

ಬಡಗಿ ಹಳೆಯ ಚಿಲಕವನ್ನು ಕಿತ್ತು ಪಕ್ಕಕ್ಕಿಟ್ಟ. “ಅಜ್ಜಿ, ಬಾಗಿಲ ಹತ್ರ ನಿಂತ್ಕೊಂಡು ಕೈ ಮೇಲೆತ್ತಿ.”

“ಯಾಕಪ್ಪಾ?”

“ನಿಮ್ ಕೈ ಎಲ್ಲೀವರ್ಗೂ ಎಟುಕುತ್ತೆ ಅಂತ ನೋಡ್ಕೊಂಡು ಚಿಲಕ ಹಾಕು ಅಂದವ್ರೆ, ನಿಮ್ ಮಗ.”

ದೇವೀರಮ್ಮನ ಕಣ್ಣು ತುಂಬಿ ಬಂತು. ಸೊಸೆ ಬೇರೆ ನೋಡುತ್ತಿದ್ದಳು. ತಾನಿನ್ನೂ ಗಟ್ಟಿಯಾಗಿದ್ದೇನೆಂದು ತೋರಿಸಲು ತುದಿಗಾಲಿನಲ್ಲಿ ನಿಂತು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕೈ ಚಾಚಿದಳು.

“ಇಗೋ, ಇಲ್ಲೀವರ್ಗೂ ಸಿಗ್ತದೆ ಕಣಪ್ಪಾ. ಇನ್ನು ಬಗ್ಗೋದು ತಪ್ತು.”

ಬಡಗಿ ಅವಳ ಬೆರಳ ತುದಿಗೆ ಸರಿಯಾಗಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆದ. ಆ ಗೆರೆಯಿಂದ ಮೇಲಕ್ಕೆ ಒಂದು ಗೇಣು ಅಳೆದು, ಅಲ್ಲಿ ಹೊಸ ಚಿಲಕ ಕೂರಿಸಿದ.